ಮಾತ್ರೆ ಬಿಟ್ಟರೂ ಬಿಡದ ತೊಡೆನೋವು: ಒಂದು ಸ್ಟ್ಯಾಟಿನ್ ಪ್ರಕರಣ

ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 198 ಎಂದು ವರದಿ ಬಂದಾಗ ಚೀಟಿಗೆ ಇನ್ನೊಂದು ಮಾತ್ರೆ ಸೇರಿಸಿ ಕಳಿಸುವುದು ಬಹಳ ಸುಲಭ. ರೋಗಿ 62 ವರ್ಷದ ಮಹಿಳೆ, ಸಣ್ಣ ಮೈಕಟ್ಟು, ಹೊಲಿಗೆ ಕೆಲಸ. ಒಂಬತ್ತು ತಿಂಗಳ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿಸಿಕೊಂಡಿದ್ದರು. ಕೊಲೆಸ್ಟ್ರಾಲಿಗೆ ಯಾವ ಔಷಧವನ್ನೂ ತೆಗೆದುಕೊಳ್ಳದಿದ್ದ ಆ ಹೊತ್ತಿನಲ್ಲಿ ಎಲ್‌ಡಿಎಲ್ 152 ಇತ್ತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಅಟೊರ್ವಾಸ್ಟ್ಯಾಟಿನ್ ದಿನಕ್ಕೆ 40 ಮಿ.ಗ್ರಾಂ ಶುರುವಾಗಿ ಆರು ವಾರಕ್ಕೆ 84ಕ್ಕೆ ಇಳಿಯಿತು. ಆ ಪ್ರಮಾಣಕ್ಕೆ ಸುಮಾರು ಅರ್ಧದಷ್ಟು ಇಳಿಯುವುದು ನಿರೀಕ್ಷಿತವೇ, ಹಾಗಾಗಿ ಔಷಧ ಕೆಲಸ ಮಾಡಿದೆ ಎಂದೇ ಲೆಕ್ಕ. ಈಗ ನೋಡಿದರೆ 198.

ಹೃದಯಾಘಾತ ಆದವರಿಗೆ ಎಲ್‌ಡಿಎಲ್ 55ರ ಒಳಗಿರಬೇಕು ಎಂದು 2019ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಆ ಲೆಕ್ಕದಲ್ಲಿ ಇವರದು ಮೂರೂವರೆ ಪಟ್ಟು. ಡೋಸ್ 80ಕ್ಕೆ ಏರಿಸುವುದು, ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಜೊತೆಗೂಡಿಸುವುದು, ಎರಡೂ ಪುಸ್ತಕದ ಪ್ರಕಾರ ಸರಿಯಾದ ನಡೆಗಳೇ. ಆದರೆ ಇದೇ ಔಷಧ ಇದೇ ದೇಹದಲ್ಲಿ ಒಮ್ಮೆ ಕೆಲಸ ಮಾಡಿ ತೋರಿಸಿದೆ. ಕೆಲಸ ಮಾಡಿದ್ದ ಮಾತ್ರೆ ಏಕಾಏಕಿ ಸೋತಿತೆಂದರೆ ಮೊದಲು ಕೇಳಬೇಕಾದದ್ದು ಅದು ಹೊಟ್ಟೆಗೆ ಹೋಗುತ್ತಿದೆಯೇ ಎಂಬುದು.

(ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ. ರೋಗಿಯ ಒಪ್ಪಿಗೆ ಇದೆ.)

“ಮಾತ್ರೆ ತಪ್ಪದೆ ತಗೋತಿದ್ದೀರಾ?” ಎಂದು ಕೇಳಿದರೆ ಯಾರಾದರೂ “ಹೂಂ” ಅನ್ನುತ್ತಾರೆ. ಆ ಪ್ರಶ್ನೆಯಿಂದ ಉಪಯೋಗ ಕಡಿಮೆ. ಮನೆಯಲ್ಲಿರುವ ಔಷಧವನ್ನೆಲ್ಲ ಚೀಲಕ್ಕೆ ಹಾಕಿ ತನ್ನಿ ಎಂದು ಹೇಳಿ ಕಳಿಸಿದ್ದೆ, ತಂದರು. ಮೇಜಿನ ಮೇಲೆ ಸುರಿದಾಗ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ರಾಮಿಪ್ರಿಲ್ ಸ್ಟ್ರಿಪ್‌ಗಳು ಅರ್ಧಂಬರ್ಧ ಖಾಲಿ. ಮೆಟೊಪ್ರೊಲಾಲ್ ಮಾತ್ರೆಯನ್ನು ನೀಟಾಗಿ ಅರ್ಧ ಮಾಡಿ, ಉಳಿದರ್ಧವನ್ನು ಅದೇ ಗುಳಿಯಲ್ಲಿ ಇಟ್ಟು ಮೇಲೆ ಹಾಳೆ ಮಡಚಿದ್ದರು. ಅಷ್ಟು ಶಿಸ್ತು. ಅಟೊರ್ವಾಸ್ಟ್ಯಾಟಿನ್ ಸ್ಟ್ರಿಪ್‌ಗಳು ಮಾತ್ರ ರಬ್ಬರ್‌ಬ್ಯಾಂಡ್ ಹಾಕಿದ ಕಟ್ಟಿನಲ್ಲಿ ಹಾಗೇ ಇದ್ದವು, ಒಂದು ಗುಳಿಯೂ ಒಡೆದಿರಲಿಲ್ಲ. ಜೊತೆಗೆ ಬಂದಿದ್ದ ಮಗಳು ಅಮ್ಮನ ಮುಖ ನೋಡಿದಳು.

“ಡಾಕ್ಟ್ರೇ, ಬೈಬೇಡಿ. ಅದನ್ನ ಬಿಟ್ಟು ಎರಡು ತಿಂಗಳಾಯ್ತು. ತೊಡೆ ಎರಡೂ ಬಿಗಿದುಕೊಂಡು ಬಿಡ್ತಿತ್ತು. ಮಷೀನಿನ ಮುಂದೆ ಕೂತರೆ ಕೈ ಊರದೆ ಏಳೋಕ್ಕೆ ಆಗ್ತಿರಲಿಲ್ಲ. ನಮ್ಮ ಹುಡುಗ ಮೊಬೈಲಲ್ಲಿ ನೋಡಿ, ಇದು ಆ ಕೊಲೆಸ್ಟ್ರಾಲ್ ಮಾತ್ರೆದೇ ಕೆಲಸ ಅಂದ.”

“ಬಿಟ್ಟ ಮೇಲೆ ಹೇಗಿದೆಯಮ್ಮಾ?”

“ಮೊದಲು ಒಂದು ವಾರ ಹಗುರ ಆಯ್ತು ಅನ್ನಿಸ್ತು. ಆಮೇಲೆ ಮತ್ತೆ ಹಾಗೇ.”

ಈ ಪ್ರಕರಣದ ಕೀಲಿ ಇರುವುದು ಈ ಕೊನೆಯ ಉತ್ತರದಲ್ಲಿ. ಬಹಳ ಕಡೆ ಸಂಭಾಷಣೆ ಇದಕ್ಕೆ ಮೊದಲೇ ಮುಗಿದುಹೋಗುತ್ತದೆ. ಒಂದೋ ವೈದ್ಯರು “ಆ ಮಾತ್ರೆಯಿಂದ ಹಾಗೆಲ್ಲ ಆಗಲ್ಲ, ಸುಮ್ಮನೆ ನುಂಗಿ” ಅನ್ನುತ್ತಾರೆ, ಇಲ್ಲವೇ “ಸರಿ, ನಿಮಗೆ ಸ್ಟ್ಯಾಟಿನ್ ಆಗಿಬರಲ್ಲ” ಎಂದು ಕಡತದಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಮೊದಲನೆಯದರಿಂದ ರೋಗಿ ಸುಳ್ಳು ಹೇಳುವುದನ್ನು ಕಲಿಯುತ್ತಾರೆ. ಎರಡನೆಯದು ಆ ಕಡತದಲ್ಲಿ ಜೀವನಪೂರ್ತಿ ಉಳಿಯುತ್ತದೆ, ಮುಂದೆ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಸ್ಟ್ಯಾಟಿನ್ ನೋವಿನ ನಡವಳಿಕೆ

ಸ್ಟ್ಯಾಟಿನ್‌ನಿಂದ ಬರುವ ಸ್ನಾಯುನೋವಿಗೆ ಒಂದು ರೀತಿ ಇದೆ. ಎರಡೂ ಕಡೆ ಸಮನಾಗಿ ಬರುತ್ತದೆ. ತೊಡೆ, ಮೀನಖಂಡ, ಸೊಂಟದ ಹಿಂಭಾಗದಂಥ ದೊಡ್ಡ ಸ್ನಾಯುಗಳಲ್ಲೇ ಹೆಚ್ಚು. ಸಾಮಾನ್ಯವಾಗಿ ಮಾತ್ರೆ ಶುರುವಾದ ನಾಲ್ಕಾರು ವಾರದೊಳಗೆ ಅಥವಾ ಡೋಸ್ ಏರಿಸಿದ ಮೇಲೆ ಕಾಣಿಸಿಕೊಳ್ಳುತ್ತದೆ. ನಿಲ್ಲಿಸಿದರೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಮತ್ತೆ ಶುರುಮಾಡಿದರೆ ಮೊದಲಿಗಿಂತ ಬೇಗ ಮರಳುತ್ತದೆ. ಯಾವುದೂ ಕಡ್ಡಾಯ ನಿಯಮವಲ್ಲ, ಆದರೆ ಇವೆಲ್ಲ ಕೂಡಿಬಂದರೆ ಅನುಮಾನ ಗಟ್ಟಿ.

ಇವರ ವಿಷಯದಲ್ಲಿ ಜಾಗವೇನೋ ಹೊಂದುತ್ತಿತ್ತು, ಕಾಲ ಹೊಂದುತ್ತಿರಲಿಲ್ಲ. ನೋವು ಶುರುವಾದದ್ದು ಐದನೇ ತಿಂಗಳಲ್ಲಿ. ನಡುವೆ ಡೋಸ್ ಬದಲಾಗಿರಲಿಲ್ಲ. ಮಾತ್ರೆ ಬಿಟ್ಟು ಎಂಟು ವಾರವಾದರೂ ನೋವು ಹೋಗಿರಲಿಲ್ಲ.

ತಡವಾಗಿ ನೋವು ಶುರುವಾದರೆ ಮಧ್ಯೆ ಬೇರೆ ಯಾವುದಾದರೂ ಔಷಧ ಬಂದು ಸೇರಿತೇ ಎಂದು ಕೆದಕಬೇಕು. ಅಟೊರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್‌ಗಳನ್ನು ಕರಗಿಸಿ ಹೊರಹಾಕುವುದು ಸಿವೈಪಿ3ಎ4 ಎಂಬ ಕಿಣ್ವ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್, ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ, ಬಿಪಿಗೆ ಕೊಡುವ ಡಿಲ್ಟಿಯಜೆಮ್, ಇವೆಲ್ಲ ಆ ಕಿಣ್ವಕ್ಕೆ ಅಡ್ಡ ಬರುತ್ತವೆ. ಆಗ ನುಂಗಿದ್ದು 40 ಮಿ.ಗ್ರಾಂ ಆದರೂ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನುಂಗಿದ ಪರಿಣಾಮ. ದ್ರಾಕ್ಷಿಹಣ್ಣನ್ನು ಹೋಲದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ರಸವೂ ಇದೇ ಕೆಲಸ ಮಾಡುತ್ತದೆ. ಇದು ತಮಾಷೆಯ ಮಾತಲ್ಲ: ಸೆರಿವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಅನ್ನು 2001ರ ಆಗಸ್ಟ್‌ನಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಸ್ನಾಯು ಕರಗಿ ಜನ ಸತ್ತಿದ್ದರಿಂದ. ಅವರಲ್ಲಿ ಹಲವರು ಜೊತೆಗೆ ಜೆಮ್‌ಫೈಬ್ರೊಜಿಲ್ ಎಂಬ ಇನ್ನೊಂದು ಕೊಬ್ಬಿನ ಔಷಧ ತೆಗೆದುಕೊಳ್ಳುತ್ತಿದ್ದರು. ಇವತ್ತಿಗೂ ಜೆಮ್‌ಫೈಬ್ರೊಜಿಲ್ ಅನ್ನು ಯಾವ ಸ್ಟ್ಯಾಟಿನ್ ಜೊತೆಗೂ ಬರೆಯಬಾರದೆಂದೇ ನನ್ನ ಅಭಿಪ್ರಾಯ.

ನಮ್ಮ ರೋಗಿಯ ಚೀಲದಲ್ಲಿ ಅಂಥದ್ದೇನೂ ಇರಲಿಲ್ಲ. ನಾಟಿ ಔಷಧ, ಸ್ನಾಯುವಿಗೆ ಚುಚ್ಚುಮದ್ದು, ಹೊಸದಾಗಿ ಶುರುಮಾಡಿದ ಕಸರತ್ತು, ಯಾವುದೂ ಇಲ್ಲ.

ಇನ್ನು ಆ 198. ಸ್ಟ್ಯಾಟಿನ್ ಬಿಟ್ಟರೆ ಎಲ್‌ಡಿಎಲ್ ಹಳೆಯ ಜಾಗಕ್ಕೆ ಮರಳಬೇಕು. ಹೃದಯಾಘಾತದ ಬೆನ್ನಿಗೇ ಮಾಡಿಸಿದ ಪರೀಕ್ಷೆಯಲ್ಲಿ ಎಲ್‌ಡಿಎಲ್ ಸ್ವಲ್ಪ ತಗ್ಗಿಯೇ ಕಾಣುತ್ತದೆ, ನಿಜ. ಆದರೂ 152ರಿಂದ 198ರವರೆಗಿನ ಅಂತರಕ್ಕೆ ಅಷ್ಟು ಸಾಕಾಗುವುದಿಲ್ಲ. ಮಾತ್ರೆ ಬಿಟ್ಟದ್ದು ಅರ್ಧ ಕಥೆಯನ್ನಷ್ಟೇ ಹೇಳುತ್ತಿತ್ತು.

ಹಿಮ್ಮಡಿಯ ಮೇಲೆ ಒಂದು ಪೆಟ್ಟು

ಕೈಕಟ್ಟಿ ಕುರ್ಚಿಯಿಂದ ಏಳಿ ಎಂದೆ. ಎರಡು ಸಲ ಮುಂದಕ್ಕೆ ಬಾಗಿ, ಮೂರನೇ ಸಲಕ್ಕೆ ಎದ್ದರು. ಅಂದರೆ ನೋವಷ್ಟೇ ಅಲ್ಲ, ತೊಡೆಯ ಬುಡದ ಸ್ನಾಯುಗಳಲ್ಲಿ ಬಲವೂ ಕಡಿಮೆ. ಮೀನಖಂಡ ಒತ್ತಿದರೆ ನೋವು. ದನಿ ಒಡಕಾಗಿತ್ತು. ಮೊಣಕೈ ಚರ್ಮ ಒಣಗಿ ಬಿರಿದಿತ್ತು. ಫ್ಯಾನ್ ಆರಿಸಿ ಎಂದು ಬಂದ ಕೂಡಲೇ ಕೇಳಿದ್ದರು, ಉಳಿದವರೆಲ್ಲ ಬೆವರುತ್ತಿದ್ದ ಹೊತ್ತದು. ಮಲಬದ್ಧತೆ ಇದೆಯೇ ಎಂದರೆ ಇದೆ, ತೂಕ ಏರಿದೆಯೇ ಎಂದರೆ ಏರಿದೆ. ಇವೆಲ್ಲವನ್ನೂ ಅವರು ವಯಸ್ಸಿನ ಖಾತೆಗೋ ಹೃದಯಾಘಾತದ ಖಾತೆಗೋ ಬರೆದುಕೊಂಡಿದ್ದರು.

ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿ, ಪಾದ ಹೊರಗೆ ಜೋಲುವಂತೆ ಮಾಡಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದೆ. ಪಾದ ಥಟ್ಟನೆ ಕೆಳಕ್ಕೆ ಒದೆಯಿತು. ಹಿಂದಕ್ಕೆ ಬರುವಾಗ ಮಾತ್ರ ನಿಧಾನ, ಯಾರೋ ತಡೆಹಿಡಿದು ಬಿಡುತ್ತಿದ್ದಾರೇನೋ ಎಂಬಷ್ಟು ನಿಧಾನ. ಇನ್ನೊಂದು ಕಾಲೂ ಹಾಗೆಯೇ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದವರಲ್ಲಿ ಸ್ನಾಯು ಕುಗ್ಗಿದ ಮೇಲೆ ಸಡಿಲಗೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಎಲ್ಲರಲ್ಲೂ ಸಿಗುವ ಲಕ್ಷಣವಲ್ಲ, ಆದರೆ ಸಿಕ್ಕರೆ ಪ್ರಯೋಗಾಲಯದ ವರದಿಗೆ ಕಾಯುವ ಮೊದಲೇ ಅರ್ಧ ಉತ್ತರ ಕೈಯಲ್ಲಿರುತ್ತದೆ.

ರಕ್ತದ ವರದಿ ಹೀಗಿತ್ತು. ಥೈರಾಯ್ಡ್ ಸೋತಾಗ ಏರುವ ಟಿಎಸ್‌ಎಚ್ 41, ಹೆಚ್ಚೆಂದರೆ ನಾಲ್ಕು-ಐದರ ಆಸುಪಾಸಿನಲ್ಲಿ ಇರಬೇಕಾದದ್ದು. ಥೈರಾಯ್ಡ್ ಹಾರ್ಮೋನ್ ಆದ ಫ್ರೀ ಟಿ4 ಕಡಿಮೆ. ಟಿಪಿಒ ಆ್ಯಂಟಿಬಾಡಿ ಇದೆ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದಿದೆ. ಸ್ನಾಯುವಿನ ಹಾನಿಯನ್ನು ತೋರಿಸುವ ಸಿಕೆ 764; ಆ ಪ್ರಯೋಗಾಲಯದಲ್ಲಿ ಮಹಿಳೆಯರಿಗೆ ಮೇಲಿನ ಮಿತಿ 170. ಲಿವರ್ ಪರೀಕ್ಷೆಯಲ್ಲಿ ಎಎಸ್‌ಟಿ ಸ್ವಲ್ಪ ಹೆಚ್ಚು, ಎಎಲ್‌ಟಿ ಸರಿಯಾಗಿತ್ತು. ಇದನ್ನು ಕಂಡು ಲಿವರ್ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ: ಎಎಸ್‌ಟಿ ಸ್ನಾಯುವಿನಿಂದಲೂ ಬರುತ್ತದೆ, ಸಿಕೆ ಏರಿದಾಗ ಅದೂ ಏರುವುದು ಸಹಜ. ಅಂದ ಹಾಗೆ, ಸ್ಟ್ಯಾಟಿನ್ ತೆಗೆದುಕೊಳ್ಳುವ ಎಲ್ಲರಿಗೂ ಆಗಾಗ ಲಿವರ್ ಪರೀಕ್ಷೆ ಮಾಡಿಸಬೇಕೆಂಬ ಸಲಹೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಕೈಬಿಟ್ಟಿದೆ, ಏಕೆಂದರೆ ಗಂಭೀರ ಲಿವರ್ ಹಾನಿ ತೀರಾ ಅಪರೂಪ, ಹಾಗೆ ಪದೇ ಪದೇ ಪರೀಕ್ಷಿಸುವುದರಿಂದ ಅದು ಮೊದಲೇ ಪತ್ತೆಯಾಗುವುದೂ ಇಲ್ಲ.

ಈಗ ಎರಡೂ ಒಗಟು ಬಿಡಿಸಿಕೊಂಡವು. ಲಿವರ್ ಜೀವಕೋಶಗಳ ಮೇಲೆ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಗ್ರಾಹಕಗಳಿರುತ್ತವೆ. ಅವುಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಟ್ಯಾಟಿನ್ ಲಿವರ್‌ನೊಳಗೆ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುತ್ತದೆ, ಕೊರತೆ ಬಿದ್ದ ಲಿವರ್ ಹೆಚ್ಚು ಗ್ರಾಹಕಗಳನ್ನು ಹೊರಗಿಟ್ಟು ರಕ್ತದಿಂದ ಎಳೆದುಕೊಳ್ಳುತ್ತದೆ. ಥೈರಾಯ್ಡ್ ಹಾರ್ಮೋನ್ ಕೂಡ ಈ ಗ್ರಾಹಕಗಳನ್ನು ಹೆಚ್ಚಿಸುವಂಥದ್ದೇ. ಅದು ಬತ್ತಿದರೆ ಗ್ರಾಹಕಗಳು ಕಡಿಮೆ, ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚು. ಅದೇ ಕೊರತೆ ಸ್ನಾಯುವನ್ನೂ ಕೆಡಿಸುತ್ತದೆ, ಸ್ಟ್ಯಾಟಿನ್ ಇಲ್ಲದೆಯೇ ಸಿಕೆ ಏರಿಸುತ್ತದೆ, ಸ್ಟ್ಯಾಟಿನ್ ಸೇರಿದರೆ ಹಾನಿಗೆ ಹಾದಿ ಇನ್ನೂ ಸಲೀಸು. ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ಸ್ಟ್ಯಾಟಿನ್ ಬರೆಯುವ ಮುನ್ನ ಟಿಎಸ್‌ಎಚ್ ನೋಡಿ ಎಂದು ಹೇಳುವುದು ಈ ಕಾರಣಕ್ಕೆ. ಇವರಿಗೆ ಹೃದಯಾಘಾತದ ಸಮಯದಲ್ಲಿ ಆ ಪರೀಕ್ಷೆ ಆಗಿರಲಿಲ್ಲ. ತೀವ್ರ ಕಾಯಿಲೆಯ ನಡುವೆ ಮಾಡಿಸಿದರೆ ಥೈರಾಯ್ಡ್ ವರದಿ ದಾರಿ ತಪ್ಪಿಸುವುದೂ ಉಂಟು. ಆರು ವಾರದ ಭೇಟಿಯಲ್ಲಿ ಮಾಡಿಸಬಹುದಿತ್ತು.

ಇನ್ನೊಂದು ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲೇಬೇಕಿತ್ತು. ಲಕ್ಷಕ್ಕೆ ಇಬ್ಬರೋ ಮೂವರಿಗೋ ಸ್ಟ್ಯಾಟಿನ್ ಒಂದು ವಿಚಿತ್ರ ಸ್ನಾಯುರೋಗವನ್ನು ಕೆರಳಿಸುತ್ತದೆ. ಸ್ಟ್ಯಾಟಿನ್ ಯಾವ ಕಿಣ್ವವನ್ನು ತಡೆಯುತ್ತದೋ ಆ ಎಚ್‌ಎಂಜಿಸಿಆರ್ ವಿರುದ್ಧವೇ ದೇಹ ಆ್ಯಂಟಿಬಾಡಿ ತಯಾರಿಸಿಕೊಳ್ಳುತ್ತದೆ. ಆಮೇಲೆ ಮಾತ್ರೆ ನಿಲ್ಲಿಸಿದರೂ ಸ್ನಾಯು ಸಾಯುತ್ತಲೇ ಇರುತ್ತದೆ, ಸ್ಟಿರಾಯ್ಡ್‌ನಂಥ ಚಿಕಿತ್ಸೆ ಬೇಕಾಗುತ್ತದೆ, ಮತ್ತೆಂದೂ ಸ್ಟ್ಯಾಟಿನ್ ಕೊಡುವಂತಿಲ್ಲ. ಬಿಟ್ಟ ಮೇಲೂ ಹೋಗದ ನೋವು, ಬಲಹೀನತೆ, ಏರಿದ ಸಿಕೆ ಕಂಡರೆ ಅದನ್ನು ಮರೆಯಬಾರದು. ಆದರೆ ಅಲ್ಲಿ ಸಿಕೆ ಸಾಮಾನ್ಯವಾಗಿ ಸಾವಿರಗಳಲ್ಲಿ ಇರುತ್ತದೆ. ಥೈರಾಯ್ಡ್ ಸರಿಹೋದ ಮೇಲೂ ಸಿಕೆ ಇಳಿಯದಿದ್ದರೆ ಆ ಆ್ಯಂಟಿಬಾಡಿ ಪರೀಕ್ಷೆ ಮಾಡಿಸೋಣ ಎಂದು ಕಡತದಲ್ಲಿ ಬರೆದಿಟ್ಟೆ.

ಮಗಳಿಗೆ ಒಂದು ಮಾತನ್ನು ಒತ್ತಿ ಹೇಳಿದೆ: ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಎದ್ದು ನಿಲ್ಲಲಾಗದಷ್ಟು ಸುಸ್ತಾದರೆ ಮುಂದಿನ ಭೇಟಿಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಬನ್ನಿ. ಅದು ಸ್ನಾಯು ಕರಗಿ ಮೂತ್ರಪಿಂಡಕ್ಕೆ ಕುತ್ತು ಬರುವ ರಾಬ್ಡೊಮಯೊಲಿಸಿಸ್‌ನ ಲಕ್ಷಣ. ಸ್ಟ್ಯಾಟಿನ್‌ನಿಂದ ಇದಾಗುವುದು ವರ್ಷಕ್ಕೆ ಹತ್ತು ಸಾವಿರದಲ್ಲಿ ಒಬ್ಬರಿಗೂ ಕಡಿಮೆ, ಆದರೆ ತಿಳಿದಿರಬೇಕಾದ್ದೇ.

ಮತ್ತೆ ಶುರು, ಮತ್ತೆ ನೋವು

ಹೃದಯದ ರೋಗಿಗೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಒಮ್ಮೆಲೇ ಪೂರ್ತಿ ಡೋಸ್ ಕೊಟ್ಟರೆ ಎದೆನೋವು, ಬಡಿತದ ಏರುಪೇರು ಶುರುವಾದೀತು. ಹಾಗಾಗಿ 25 ಮೈಕ್ರೊಗ್ರಾಂನಿಂದ ಆರಂಭಿಸಿ ಆರು ವಾರಕ್ಕೊಮ್ಮೆ ಏರಿಸಿದೆವು. ಅಷ್ಟು ದಿನ ಹೃದಯಕ್ಕೆ ರಕ್ಷಣೆಯೇ ಇಲ್ಲದಂತೆ ಬಿಡಲಾಗದು, ಅದಕ್ಕೆ ಎಜೆಟಿಮೈಬ್ 10 ಮಿ.ಗ್ರಾಂ. ಇದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವಂಥದ್ದು, ಸ್ನಾಯುವಿನ ತಂಟೆಗೆ ಹೋಗುವುದು ಕಡಿಮೆ, ಎಲ್‌ಡಿಎಲ್ ಅನ್ನು ಐದರಲ್ಲಿ ಒಂದು ಪಾಲಿನಷ್ಟು ಇಳಿಸುತ್ತದೆ. ಮಗ ತಂದುಕೊಟ್ಟಿದ್ದ ಕೋಎನ್‌ಜೈಮ್ ಕ್ಯೂ10 ಡಬ್ಬಿಯನ್ನು ಪಕ್ಕಕ್ಕಿಡಲು ಹೇಳಿದೆ. ಅದರಿಂದ ಸ್ಟ್ಯಾಟಿನ್ ನೋವು ಇಳಿಯುತ್ತದೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ನಾಲ್ಕೂವರೆ ತಿಂಗಳ ನಂತರ ಟಿಎಸ್‌ಎಚ್ 3.8, ಸಿಕೆ 148, ಎಲ್‌ಡಿಎಲ್ 121. ಕೈಕಟ್ಟಿ ಒಂದೇ ಸಲಕ್ಕೆ ಎದ್ದರು. ತೊಡೆನೋವು ಇಲ್ಲ.

“ಮತ್ತೆ ಆ ಮಾತ್ರೆ ಬೇಕಾ ಡಾಕ್ಟ್ರೇ? ಈಗ ಆರಾಮಾಗಿದ್ದೀನಲ್ಲ.”

ಈ ಪ್ರಶ್ನೆಗೆ ಹೆದರಿಸಿ ಉತ್ತರ ಕೊಡುವುದು ನನಗೆ ಹಿಡಿಸುವುದಿಲ್ಲ. ಹೇಳಿದ್ದು ಇಷ್ಟು: ಒಮ್ಮೆ ಹೃದಯಾಘಾತವಾದವರಿಗೆ ಈ ಮಾತ್ರೆಯ ಲಾಭ ಊಹೆಯಲ್ಲ. 1994ರಲ್ಲಿ ಪ್ರಕಟವಾದ, 4444 ಹೃದ್ರೋಗಿಗಳ ಮೇಲೆ ಸಿಮ್ವಾಸ್ಟ್ಯಾಟಿನ್ ಪರೀಕ್ಷಿಸಿದ ಅಧ್ಯಯನದಲ್ಲಿ ಒಟ್ಟು ಸಾವುಗಳೇ ಶೇ 30ರಷ್ಟು ಕಡಿಮೆಯಾದವು. ನಿಮ್ಮ ತೊಡೆನೋವಿನಲ್ಲಿ ಥೈರಾಯ್ಡಿನ ಪಾಲು ದೊಡ್ಡದು, ಮಾತ್ರೆಯ ಪಾಲು ಎಷ್ಟೆಂಬುದು ಮತ್ತೆ ಕೊಟ್ಟು ನೋಡಿದರೆ ಮಾತ್ರ ತಿಳಿಯುವುದು. ನೋವು ಬಂದರೆ ನನಗೆ ಹೇಳಿ ನಿಲ್ಲಿಸಿ, ಹೇಳದೆ ನಿಲ್ಲಿಸಬೇಡಿ. ಅವರು ಒಪ್ಪಿದರು.

ಈ ಸಲ ಆರಿಸಿದ್ದು ರೊಸುವಾಸ್ಟ್ಯಾಟಿನ್, 5 ಮಿ.ಗ್ರಾಂ. ಸಿವೈಪಿ3ಎ4 ಕಿಣ್ವದ ಹಂಗು ಇದಕ್ಕಿಲ್ಲ, ನೀರಿನಲ್ಲಿ ಕರಗುವ ಗುಣ ಹೆಚ್ಚು. ಏಷ್ಯಾ ಮೂಲದವರ ರಕ್ತದಲ್ಲಿ ಇದರ ಮಟ್ಟ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಏರುತ್ತದೆ ಎಂಬ ಕಾರಣಕ್ಕೆ ಅವರಿಗೆ 5ರಿಂದಲೇ ಶುರುಮಾಡಿ ಎಂದು ಔಷಧದ ಜೊತೆಗಿನ ಸೂಚನೆಯೇ ಹೇಳುತ್ತದೆ. ಇದರ ಅರ್ಧಾಯು ಸುಮಾರು 19 ಗಂಟೆ, ಹಾಗಾಗಿ ಬೆಳಿಗ್ಗೆ ತೆಗೆದುಕೊಂಡರೂ ರಾತ್ರಿ ತೆಗೆದುಕೊಂಡರೂ ಒಂದೇ.

ಮೂರನೇ ವಾರಕ್ಕೆ ಫೋನ್ ಬಂತು. “ಡಾಕ್ಟ್ರೇ, ಮತ್ತೆ ಶುರುವಾಯ್ತು.”

ಬಂದಾಗ ತೋರಿಸಿದ್ದು ಬಲ ಭುಜ. ಕೈ ಮೇಲೆತ್ತಿ ಕೂದಲು ಬಾಚಲು ಆಗುತ್ತಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿಲ್ಲ. ಎಡಭುಜ ಸರಿಯಿದೆ, ತೊಡೆ ಸರಿಯಿದೆ. ನಾನು ಹಿಡಿದು ತಿರುಗಿಸಿದರೂ ಕೈ ಹೊರಮುಖವಾಗಿ ತಿರುಗುತ್ತಿರಲಿಲ್ಲ. ಇದು ಕೀಲಿನ ತೊಂದರೆ, ಫ್ರೋಜನ್ ಶೋಲ್ಡರ್. ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಸಿಕೆ 132.

ವರದಿ ತೋರಿಸಿ “ಇದು ಮಾತ್ರೆಯದಲ್ಲ” ಎಂದು ಹೇಳಿದರೆ ಮುಗಿಯುವ ವಿಷಯವಲ್ಲ ಇದು. ನೋವು ಅವರ ಭುಜದಲ್ಲಿದೆ, ಮಾತ್ರೆ ಶುರುವಾದ ಮೇಲೆಯೇ ಬಂದಿದೆ. ಹಾಗಾಗಿ ಒಂದು ಲೆಕ್ಕ ಇಟ್ಟೆವು. ನಾಲ್ಕು ವಾರ ಮಾತ್ರೆ, ಎರಡು ವಾರ ಬಿಡುವು, ಮತ್ತೆ ನಾಲ್ಕು ವಾರ. ದಿನಾ ರಾತ್ರಿ ಮಲಗುವ ಮೊದಲು ತೊಡೆಗೊಂದು, ಭುಜಕ್ಕೊಂದು ಅಂಕ, ಸೊನ್ನೆಯಿಂದ ಹತ್ತರವರೆಗೆ. ಹಿಂದಿನ ಪುಟ ತಿರುವಿ ನೋಡಬಾರದು ಎಂಬುದು ನಿಯಮ. ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂಬದಿಯಲ್ಲೇ ಬರೆದರು. ಕೊನೆಗೆ ಮೂರು ಜನ ಕೂತು ಓದಿದಾಗ ಭುಜದ ಅಂಕ ಮಾತ್ರೆ ಇದ್ದ ವಾರಗಳಲ್ಲೂ ಇಲ್ಲದ ವಾರಗಳಲ್ಲೂ ಆರು-ಏಳರ ಸುತ್ತ ಇತ್ತು. ತೊಡೆಯದು ಉದ್ದಕ್ಕೂ ಸೊನ್ನೆ, ಒಂದು.

ಮಾತ್ರೆ ಯಾವಾಗ ಇದೆ, ಯಾವಾಗ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು, ಅದು ಈ ಲೆಕ್ಕದ ಕೊರತೆ. ಇದನ್ನೇ ಕಟ್ಟುನಿಟ್ಟಾಗಿ ಮಾಡಿದ ಅಧ್ಯಯನ ಸ್ಯಾಮ್ಸನ್. 2020ರಲ್ಲಿ ಪ್ರಕಟವಾಯಿತು, ನಡೆಸಿದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು. ಅಡ್ಡಪರಿಣಾಮದ ಕಾರಣಕ್ಕೆ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ವರ್ಷಕ್ಕೆ 12 ಬಾಟಲಿ ಕೊಟ್ಟರು: ನಾಲ್ಕರಲ್ಲಿ ಅಟೊರ್ವಾಸ್ಟ್ಯಾಟಿನ್ 20 ಮಿ.ಗ್ರಾಂ, ನಾಲ್ಕರಲ್ಲಿ ನೋಡಲು ಹಾಗೇ ಇರುವ ಹುಸಿಮಾತ್ರೆ, ನಾಲ್ಕು ಖಾಲಿ. ತೊಂದರೆಯ ಅಂಕವನ್ನು ದಿನವೂ ನೂರಕ್ಕೆ ಬರೆಯಬೇಕು. ಖಾಲಿ ಬಾಟಲಿಯ ತಿಂಗಳುಗಳಲ್ಲಿ ಸರಾಸರಿ 8, ಹುಸಿಮಾತ್ರೆಯಲ್ಲಿ 15.4, ಸ್ಟ್ಯಾಟಿನ್‌ನಲ್ಲಿ 16.3. ಮಾತ್ರೆ ನುಂಗಿದರೆ ನೋವು ನಿಜಕ್ಕೂ ಹೆಚ್ಚಿತು, ಆದರೆ ಅದರಲ್ಲಿ ಶೇ 90ರಷ್ಟು ಹುಸಿಮಾತ್ರೆಗೂ ಬಂತು. ಫಲಿತಾಂಶವನ್ನು ಅವರವರಿಗೇ ತೋರಿಸಿದ ಮೇಲೆ ಅರ್ಧದಷ್ಟು ಜನ ಸ್ಟ್ಯಾಟಿನ್‌ಗೆ ಮರಳಿದರು.

ಈ ಅಧ್ಯಯನವನ್ನು ಹಿಡಿದು “ಎಲ್ಲಾ ನಿಮ್ಮ ಭ್ರಮೆ” ಎಂದು ರೋಗಿಗಳ ಬಾಯಿ ಮುಚ್ಚಿಸುವವರಿದ್ದಾರೆ. ಅದು ಅಧ್ಯಯನ ಹೇಳಿದ ಮಾತಲ್ಲ. ನೋವು ಬರುತ್ತದೆ ಎಂದು ಕಾಯುವ ದೇಹಕ್ಕೆ ಬರುವ ನೋವೂ ನೋವೇ; ಕಾರಣ ಬೇರೆ, ಅಷ್ಟೆ. 2022ರಲ್ಲಿ 19 ಪ್ರಯೋಗಗಳ ಸುಮಾರು 1,24,000 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಸ್ಟ್ಯಾಟಿನ್ ಪಡೆದವರಲ್ಲಿ ಶೇ 27.1, ಹುಸಿಮಾತ್ರೆ ಪಡೆದವರಲ್ಲಿ ಶೇ 26.6 ಮಂದಿ ಸ್ನಾಯುನೋವು ಹೇಳಿಕೊಂಡರು. ಹೆಚ್ಚುವರಿ ನೋವು ಕಂಡದ್ದು ಮುಖ್ಯವಾಗಿ ಮೊದಲ ವರ್ಷದಲ್ಲಿ, ಸಾವಿರ ಮಂದಿಗೆ ಸುಮಾರು 11. ಸಣ್ಣ ಸಂಖ್ಯೆ, ಸೊನ್ನೆಯಲ್ಲ. ನಮ್ಮ ಎದುರಿಗೆ ಕೂತವರು ಆ ಹನ್ನೊಂದರಲ್ಲಿ ಒಬ್ಬರೇ ಅಲ್ಲವೇ ಎಂಬುದನ್ನು ಯಾವ ಸರಾಸರಿಯೂ ಹೇಳಿಕೊಡುವುದಿಲ್ಲ.

ನಮ್ಮ ರೋಗಿಯೇ ಮುಂದೆ ಅದನ್ನು ತೋರಿಸಿಕೊಟ್ಟರು. ಭುಜಕ್ಕೆ ಫಿಸಿಯೊಥೆರಪಿ ನಡೆಯುತ್ತಿತ್ತು. ರೊಸುವಾಸ್ಟ್ಯಾಟಿನ್ 5ರಲ್ಲಿ ಎಲ್‌ಡಿಎಲ್ 74, 10ಕ್ಕೆ ಏರಿಸಿದಾಗ 66. ಸ್ಟ್ಯಾಟಿನ್ ಡೋಸ್ ಇಮ್ಮಡಿಯಾದಾಗಲೆಲ್ಲ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಶೇ 6ರಷ್ಟು ಮಾತ್ರ, ಈ ಲೆಕ್ಕ ಹೆಚ್ಚು ಕಡಿಮೆ ಎಲ್ಲ ಸ್ಟ್ಯಾಟಿನ್‌ಗೂ ಹೊಂದುತ್ತದೆ. 55ರ ಗುರಿ ಹತ್ತಿರದಲ್ಲೇ ಇದೆಯೆಂದು 20ಕ್ಕೆ ಏರಿಸಿದೆವು. ಮೂರು ವಾರದೊಳಗೆ ಎರಡೂ ತೊಡೆ ಬಿಗಿಯತೊಡಗಿದವು. ಪುಸ್ತಕದಲ್ಲಿ ತೊಡೆಯ ಅಂಕ ಒಂದರಿಂದ ಐದಕ್ಕೆ ಹತ್ತಿತ್ತು. ಸಿಕೆ 310, ಟಿಎಸ್‌ಎಚ್ ಸರಿಯಾಗಿತ್ತು. ಎರಡೂ ಕಡೆ, ದೊಡ್ಡ ಸ್ನಾಯು, ಡೋಸ್ ಏರಿಸಿದ ಬೆನ್ನಿಗೆ: ಮೊದಲು ಹೇಳಿದ ಗುರುತುಗಳಲ್ಲಿ ಹೆಚ್ಚಿನವು ಇಲ್ಲಿದ್ದವು. 10ಕ್ಕೆ ಇಳಿಸಿದ ಎರಡು ವಾರದಲ್ಲಿ ನೋವು ಹೋಯಿತು, ಸಿಕೆ 150ಕ್ಕೆ ಬಂತು. ಈ ನೋವು ಮಾತ್ರೆಯದೇ. ಒಂದೇ ಮೈಯಲ್ಲಿ ಮೂರು ನೋವು, ಮೂರಕ್ಕೂ ಬೇರೆ ಬೇರೆ ಮೂಲ. ಮೊದಲ ದಿನವೇ “ಆಗಿಬರಲ್ಲ” ಎಂದು ಬರೆದಿದ್ದರೆ ಅವರಿಗೆ ರೊಸುವಾಸ್ಟ್ಯಾಟಿನ್ 10 ಚೆನ್ನಾಗಿಯೇ ಆಗಿಬರುತ್ತದೆ ಎಂಬುದು ತಿಳಿಯುತ್ತಲೇ ಇರಲಿಲ್ಲ.

66 ಸಾಕೇ?

10 ಮಿ.ಗ್ರಾಂ ಇವರ ಮಿತಿ ಎಂದಾಯಿತು. ಜೊತೆಗೆ ಎಜೆಟಿಮೈಬ್ ಇದೆ. ಎಲ್‌ಡಿಎಲ್ 66ರಲ್ಲಿ ನಿಂತಿದೆ. ಇಲ್ಲಿಂದ ಮುಂದೆ ಎರಡು ದಾರಿ. ಒಂದು, ಲಿವರ್‌ನ ಎಲ್‌ಡಿಎಲ್ ಗ್ರಾಹಕಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದು, ಎವೊಲೊಕುಮ್ಯಾಬ್ ಅಥವಾ ಅಲಿರೊಕುಮ್ಯಾಬ್. ಎಲ್‌ಡಿಎಲ್ ಅನ್ನು ಅರ್ಧಕ್ಕಿಂತ ಕೆಳಗೆ ತಳ್ಳುವಷ್ಟು ಬಲ ಅದಕ್ಕಿದೆ. 66ರಿಂದ 55ಕ್ಕೆ ಇಳಿಸಲು ಅಷ್ಟು ಬಲ ಬೇಕಿರಲಿಲ್ಲ. ಇನ್ನೊಂದು ಬೆಂಪಿಡೊಯಿಕ್ ಆಸಿಡ್. ಇದೂ ಕೊಲೆಸ್ಟ್ರಾಲ್ ತಯಾರಿಕೆಯ ಹಾದಿಯಲ್ಲೇ, ಸ್ಟ್ಯಾಟಿನ್ ತಡೆಯುವ ಜಾಗಕ್ಕಿಂತ ಕೆಲವು ಹೆಜ್ಜೆ ಮೊದಲು ಅಡ್ಡ ನಿಲ್ಲುತ್ತದೆ. ಜಾಣತನ ಇರುವುದು ಬೇರೆ ಕಡೆ: ಇದು ಕೆಲಸ ಶುರುಮಾಡಬೇಕಾದರೆ ಒಂದು ಕಿಣ್ವ ಬೇಕು, ಆ ಕಿಣ್ವ ಲಿವರ್‌ನಲ್ಲಿದೆ, ಸ್ನಾಯುವಿನಲ್ಲಿಲ್ಲ. ಸ್ಟ್ಯಾಟಿನ್ ಬೇಡವೆಂದ ಅಥವಾ ಆಗದ 13,970 ಮಂದಿಯ ಮೇಲೆ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ 13ರಷ್ಟು ಕಡಿಮೆಯಾದವು. ಯೂರಿಕ್ ಆಸಿಡ್ ಏರುವುದು, ಕೀಲು ಊದಿ ನೋಯುವ ಗೌಟ್ ಕೆರಳುವುದು ಇದರ ಅಡ್ಡಪರಿಣಾಮ. ಇವರಿಗೆ ಗೌಟ್ ಇತಿಹಾಸ ಇರಲಿಲ್ಲ. ಕೊಟ್ಟೆವು, ಎಲ್‌ಡಿಎಲ್ 54ಕ್ಕೆ ಬಂತು. ಯೂರಿಕ್ ಆಸಿಡ್ ಸ್ವಲ್ಪ ಏರಿದೆ, ಲಕ್ಷಣವೇನೂ ಇಲ್ಲ.

ಕೊನೆಯ ಭೇಟಿಯಲ್ಲಿ ಮಗಳು ಇನ್ನೊಂದು ವರದಿ ಮುಂದಿಟ್ಟಳು. ಹೃದಯಾಘಾತದ ಹೊತ್ತಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 5.9 ಇತ್ತು, ಈಗ 6.3. “ಇದೂ ಆ ಮಾತ್ರೆದೇನಾ?”

ಸ್ವಲ್ಪ ಮಟ್ಟಿಗೆ ಇರಬಹುದು ಎಂದೆ. ಸ್ಟ್ಯಾಟಿನ್ ಸಕ್ಕರೆಯನ್ನು ತುಸು ಏರಿಸುತ್ತದೆ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರನ್ನು ಒಳಕ್ಕೆ ದಾಟಿಸಿಬಿಡುತ್ತದೆ. 2010ರ ಒಂದು ಸಮಗ್ರ ವಿಶ್ಲೇಷಣೆಯ ಲೆಕ್ಕದಲ್ಲಿ 255 ಮಂದಿ ನಾಲ್ಕು ವರ್ಷ ಸ್ಟ್ಯಾಟಿನ್ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಸಕ್ಕರೆ ಕಾಯಿಲೆ ಬರುತ್ತದೆ, ಅದೇ 255 ಮಂದಿಯಲ್ಲಿ ಐದಕ್ಕೂ ಹೆಚ್ಚು ಹೃದಯಾಘಾತ ಅಥವಾ ಹೃದ್ರೋಗದ ಸಾವು ತಪ್ಪುತ್ತದೆ. ಇವರಿಗೆ ಒಮ್ಮೆ ಆಗಿಹೋಗಿರುವುದರಿಂದ ತಕ್ಕಡಿ ಇನ್ನೂ ಸ್ಪಷ್ಟವಾಗಿ ಮಾತ್ರೆಯ ಕಡೆಗೇ ವಾಲುತ್ತದೆ. ಆದರೆ ಅಲಕ್ಷ್ಯ ಮಾಡುವ ಅಂಕಿಯೂ ಅಲ್ಲ. ಭುಜದ ನೋವಿನಿಂದಾಗಿ ನಡಿಗೆ ನಿಂತುಹೋಗಿತ್ತು, ಅದು ಮತ್ತೆ ಶುರುವಾಗಬೇಕು. ತೊಡೆ ಈಗ ಅಡ್ಡಿಯಿಲ್ಲ.

ಮೂರು ತಿಂಗಳಿಗೆ ಎಚ್‌ಬಿಎ1ಸಿ, ಯೂರಿಕ್ ಆಸಿಡ್, ಟಿಎಸ್‌ಎಚ್ ಬರೆದುಕೊಟ್ಟಿದ್ದೇನೆ. ಸಿಕೆ ಬರೆದಿಲ್ಲ. ನೋವಿಲ್ಲದವರಿಗೆ ಅದನ್ನು ಪದೇ ಪದೇ ಮಾಡಿಸುವುದರಲ್ಲಿ ಅರ್ಥವಿಲ್ಲ, ಸುಮ್ಮನೆ ಒಂದಿಷ್ಟು ಹೆಚ್ಚು ಬಂದರೆ ಮತ್ತೆ ಆ ರಬ್ಬರ್‌ಬ್ಯಾಂಡ್ ಹೊರಗೆ ಬರುತ್ತದೆ.